ಪೊರೆ ಆಪರೇಷನ್ ಫಲಿತಾಂಶ: ಆರನೇ ವಾರದ ಕಾಲಂ ಖಾಲಿ

ಪ್ರಶ್ನೆ (ಮಂಡ್ಯ): ಪೊರೆ ಆಪರೇಷನ್ ಫಲಿತಾಂಶ ತುಂಬುವ ಆನ್‌ಲೈನ್ ಫಾರ್ಮ್‌ನಲ್ಲಿ ಮರುದಿನದ ದೃಷ್ಟಿ ಎಲ್ಲರದ್ದೂ ಇದೆ, 6 ವಾರದ್ದು ಅರ್ಧಕ್ಕರ್ಧ ಇಲ್ಲ. ನಾಗಮಂಗಲ, ಮಳವಳ್ಳಿ ಕಡೆಯವರು ತಿರುಗಿ ಬರುವುದೇ ಕಡಿಮೆ. ಬಂದವರದ್ದಷ್ಟೇ ಲೆಕ್ಕ ಹಾಕಿದರೆ ಸಾಕೇ?

ಉತ್ತರ: ಸಾಲದು. ಚೆನ್ನಾಗಿ ಕಂಡವರೂ ಬರಲ್ಲ, ಬೇಸತ್ತವರೂ ಬರಲ್ಲ. ಶೇಕಡಾವಾರು ಯಾವ ಕಡೆಗಾದರೂ ವಾಲುತ್ತದೆ. ಎಷ್ಟು ಜನ ಬಂದರು ಎಂಬುದನ್ನೂ ಪಕ್ಕದಲ್ಲೇ ಹಾಕಿ. ದೃಷ್ಟಿ 6/60ಕ್ಕಿಂತ ಕಡಿಮೆಯಿದ್ದರೆ (ಒಳ್ಳೆಯ ಕಣ್ಣಿಗೆ 60 ಮೀಟರ್‌ನಿಂದ ಕಾಣುವ ಅಕ್ಷರ 6 ಮೀಟರ್‌ನಿಂದಲೂ ಕಾಣದಿದ್ದರೆ) ಕಾರಣ ತುಂಬುವುದನ್ನು ಕಡ್ಡಾಯ ಮಾಡಿ. ಪಿನ್‌ಹೋಲ್ (ಸಣ್ಣ ತೂತಿನ ಬಿಲ್ಲೆ) ಕಣ್ಣ ಮುಂದೆ ಇಟ್ಟಾಗ ಸುಧಾರಿಸಿತೇ? ಹಾಗಾದರೆ ಹೆಚ್ಚಾಗಿ ಕಣ್ಣಿನ ಪವರ್ ತೊಂದರೆ: ಕನ್ನಡಕ ಕೊಡಿ, ಬಯೋಮೆಟ್ರಿ (ಲೆನ್ಸ್ ಪವರ್ ನಿರ್ಧರಿಸಲು ತೆಗೆದ ಕಣ್ಣಿನ ಅಳತೆ) ಮತ್ತೆ ನೋಡಿ. ಇಲ್ಲವಾದರೆ ಆಪರೇಷನ್‌ನಲ್ಲಿ ಹಿಂಭಾಗದ ಕ್ಯಾಪ್ಸೂಲ್ (ಲೆನ್ಸ್ ಹಿಂದಿನ ತೆಳು ಪದರ) ಹರಿದಿತ್ತೇ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಅಥವಾ ರೆಟಿನಾ (ಅಕ್ಷಿಪಟಲ) ದೋಷ ಮೊದಲೇ ಇತ್ತೇ, ನೋಡಬೇಕು.

ಇನ್ನೊಬ್ಬರು: ಕಾರಣದ ಪಟ್ಟಿಯಲ್ಲಿ ‘ಇತರೆ’ ಆಯ್ಕೆ ತೆಗೆದುಬಿಡಿ, ಅವಸರದಲ್ಲಿ ಎಲ್ಲರೂ ಅದನ್ನೇ ಒತ್ತುತ್ತಾರೆ! ಸರ್ಜನ್ ಹೆಸರಿನ ಬದಲು ಕೋಡ್ ಇರಲಿ. ಹೆಸರಿದ್ದರೆ ಕೆಟ್ಟ ಫಲಿತಾಂಶ ತುಂಬೋರು ಯಾರು?

ಪ್ರಶ್ನೆ ಕೇಳಿದವರು: ಬರದವರ ದೃಷ್ಟಿಯನ್ನು ಆಶಾ ಕಾರ್ಯಕರ್ತೆಯರು ಊರಲ್ಲೇ ನೋಡಬಹುದಾ?

ಉತ್ತರ: ಆಗಬಹುದು. ದೃಷ್ಟಿ ನೋಡುವ ಚಾರ್ಟ್, ದೂರ ಅಳೆಯಲು 6 ಮೀಟರ್ ದಾರ, ಪಿನ್‌ಹೋಲ್ ಕೊಡಿ. ಒಂದೊಂದೇ ಕಣ್ಣು, ಬೆಳಕಿನಲ್ಲಿ.