ಟೀಚರ್ ಬರೆದ ‘ಸ್ಕೇರ್ ಆಫ್’ ಬೆದರಿಕೆಯಲ್ಲ

ಮಗನ ಟೀಚರ್ ಕಳುಹಿಸಿದ ಚೀಟಿಯ ಬಗ್ಗೆ ಕೇಳಿದ ತಾಯಿಗೆ ಈ ಉತ್ತರ. ಮುಂದಿನ ಹಂತದ ಪುಸ್ತಕ ಕೊಡಿ ಎಂದು ನೀವು ಕೇಳಿದ್ದಕ್ಕೆ ಅವರು ‘ವಿ ಡೋಂಟ್ ವಾಂಟ್ ಟು ಸ್ಕೇರ್ ಹಿಮ್ ಆಫ್’ ಎಂದು ಬರೆದಿದ್ದಾರೆ. ಶಾಲೆಯಲ್ಲಿ ಯಾರೋ ಮಗುವನ್ನು ಹೆದರಿಸುತ್ತಿದ್ದಾರೆ ಎಂದು ಗಾಬರಿಯಾಗಬೇಡಿ. ಈಗಲೇ ಕಷ್ಟದ ಪುಸ್ತಕ ಕೈಗಿಟ್ಟರೆ ಅವನು ಓದಿನ ಹತ್ತಿರವೇ ಸುಳಿಯದಂತಾದಾನು, ಹಾಗಾಗುವುದು ಬೇಡ ಎನ್ನುವುದಷ್ಟೇ ಅವರ ಮಾತು. ಇಂಗ್ಲೆಂಡಿನಲ್ಲಿ ಮಕ್ಕಳು ಸಾಮಾನ್ಯವಾಗಿ 4 ವರ್ಷ ತುಂಬಿದ ಮೇಲಿನ ಸೆಪ್ಟೆಂಬರಿನಲ್ಲೇ ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್‌ಗೆ ಸೇರುತ್ತಾರೆ. ಅಷ್ಟು ಚಿಕ್ಕವರ ವಿಷಯದಲ್ಲಿ ಈ ಎಚ್ಚರ ನನಗೆ ಸರಿಯೆನಿಸುತ್ತದೆ.

ಸ್ಕೇರ್ ಎಂದರೆ ಹೆದರಿಸುವುದು. ಆಫ್ ಸೇರಿತೆಂದರೆ ಹೆದರಿದವರು ಅಲ್ಲಿ ನಿಲ್ಲಲಿಲ್ಲ, ದೂರವಾದರು ಎಂದಾಯಿತು. ನಾಯಿ ಬೊಗಳಿ ಕಳ್ಳನನ್ನು ಹೆದರಿಸಿ ಓಡಿಸಿದರೂ ಇದೇ ಪದ, ಬಾಡಿಗೆ ಎಷ್ಟೆಂದು ಕೇಳಿದೊಡನೆ ಬಂದವರು ಮನೆ ನೋಡದೆ ಹಿಂದೆ ಸರಿದರೂ ಇದೇ ಪದ. ಬಾಡಿಗೆ ಹೇಳಿದವರಿಗೆ ಹೆದರಿಸುವ ಉದ್ದೇಶ ಇರಬೇಕಿಲ್ಲ. ಫ್ರೈಟನ್ ಆಫ್ ಎಂದರೂ ಹೆಚ್ಚುಕಡಿಮೆ ಇದೇ ಅರ್ಥ. ಹೊಲದ ಬೆರ್ಚಪ್ಪ ಹಕ್ಕಿ ಓಡಿಸುವುದಕ್ಕೆ ಸ್ಕೇರ್ ಅವೇ ಎನ್ನುವುದು ಹೆಚ್ಚು ರೂಢಿ. ಬರೆಯುವಾಗ ಒಂದು ಗಮನವಿರಲಿ: ಹಿಮ್, ಹರ್, ದೆಮ್‌ನಂಥ ಸರ್ವನಾಮ ನಡುವೆಯೇ ಬರಬೇಕು, ‘ಸ್ಕೇರ್ ಆಫ್ ಹಿಮ್’ ಎನ್ನುವಂತಿಲ್ಲ.

ನಾವು ಮನೆಯಲ್ಲಿ ಮಾಡುವುದು ಬಹುಪಾಲು ಸ್ಕೇರ್ ಇನ್‌ಟು, ಅಂದರೆ ಹೆದರಿಸಿ ಕೆಲಸ ಮಾಡಿಸುವುದು. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ, ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ! ಪೊಲೀಸ್ ಹೆಸರನ್ನಂತೂ ದಯವಿಟ್ಟು ಬಿಟ್ಟುಬಿಡಿ. ಅಂಗಡಿ ಬೀದಿಯಲ್ಲಿ ಮಗು ಕೈತಪ್ಪಿದರೆ ಅದು ಧೈರ್ಯವಾಗಿ ಹೋಗಿ ಸಹಾಯ ಕೇಳಬೇಕಾದವರೇ ಅವರು. ಒಂದು ತುತ್ತು ಅನ್ನಕ್ಕಾಗಿ ಆ ನಂಬಿಕೆಯನ್ನು ಕೆಡಿಸುವುದು ನನಗೆ ತೀರಾ ನೋವಿನ ವಿಷಯ.

ಟೀಚರ್ ಹೇಳಿದ ಎಚ್ಚರ ನಮ್ಮ ವಾರಾಂತ್ಯದ ಕನ್ನಡ ತರಗತಿಗೂ ಬೇಕು. ಮೊದಲ ದಿನವೇ 49 ಅಕ್ಷರಗಳ ಪಟ್ಟಿ, ಅದರ ಬೆನ್ನಿಗೇ ಕಾಗುಣಿತ ಎಂದರೆ ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತನಾಡುವ ಮಗುವೂ ಎರಡನೆಯ ವಾರ ಬರಲು ಒಲ್ಲೆ ಎನ್ನುತ್ತದೆ. ತನ್ನ ಹೆಸರಿನ ಅಕ್ಷರಗಳು, ಅಜ್ಜಿಗೆ ಫೋನಿನಲ್ಲಿ ಹೇಳುವ ನಾಲ್ಕು ಮಾತು, ಒಂದು ಶಿಶುಗೀತೆ: ಆರಂಭಕ್ಕೆ ಇಷ್ಟು ಸಾಕು. ತರಗತಿ ನಡೆಸುತ್ತಿರುವವರು ಒತ್ತಕ್ಷರವನ್ನು ಯಾವ ಹಂತದಲ್ಲಿ ತರುತ್ತೀರಿ, ಹೇಗೆ ಕಲಿಸುತ್ತೀರಿ ಎಂದು ಇಲ್ಲಿ ವಿವರವಾಗಿ ಬರೆಯಿರಿ. ಹೊಸದಾಗಿ ತರಗತಿ ಶುರು ಮಾಡುತ್ತಿರುವ ತಂದೆತಾಯಿಯರಿಗೆ ಅದು ಬೇಕಾಗಿದೆ.