‘ಹ್ಯಾಕ್’ ಎಂದರೆ ಬರೀ ‘ಕನ್ನ’ವೇ?

‘ಸರ್ಕಾರಿ ಜಾಲತಾಣಕ್ಕೆ ಕನ್ನ’ ಎಂಬಂಥ ತಲೆಬರಹಗಳು ಪತ್ರಿಕೆಗಳಲ್ಲಿ ಈಗ ಮಾಮೂಲು. ಗೋಡೆ ಕೊರೆದು ಒಳನುಗ್ಗುವ ಕಳ್ಳನ ಪದವನ್ನು ಗಣಕಕ್ಕೂ ಒಗ್ಗಿಸಿಕೊಂಡವರ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ‘ಹ್ಯಾಕ್’ ಬಂದಲ್ಲೆಲ್ಲ ‘ಕನ್ನ’ ಬರೆದರೆ ಆ ಪದದ ಮುಕ್ಕಾಲು ಪಾಲು ಕಳೆದುಹೋಗುತ್ತದೆ.

ಗಣಕಲೋಕಕ್ಕೆ ಈ ಪದ ಬಂದದ್ದು ಕಳ್ಳರಿಂದಲ್ಲ. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿದ್ಯಾಸಂಸ್ಥೆಯಲ್ಲಿ ಮಾದರಿ ರೈಲುಗಳನ್ನು ಕಟ್ಟುವ ವಿದ್ಯಾರ್ಥಿ ಸಂಘವೊಂದಿತ್ತು. ಅದರ ಸದಸ್ಯ ಪೀಟರ್ ಸ್ಯಾಮ್ಸನ್ 1959ರಲ್ಲಿ ಸಂಘದ ಆಡುನುಡಿಯ ಕೋಶ ಮಾಡಿದಾಗ, ರಚನಾತ್ಮಕ ಗುರಿಯಿಲ್ಲದೆ ಮಾಡಿದ ಕೆಲಸ ಎಂದು ‘ಹ್ಯಾಕ್’ಗೆ ಅರ್ಥ ಕೊಟ್ಟ. ಅದೇ ಹುಡುಗರು ಗಣಕದ ಮುಂದೆ ಕುಳಿತಾಗ ಪದವೂ ಜೊತೆಗೆ ಬಂತು. ಅಲ್ಲಿಂದ ಅದಕ್ಕೆ ಎರಡು ವಿರುದ್ಧ ಅರ್ಥಗಳು: ಹೇಗೋ ಕೆಲಸ ನಡೆಯಲೆಂದು ಅವಸರದಲ್ಲಿ ಹಾಕಿದ ತೇಪೆ ಒಂದು, ಬಲ್ಲವರು ತಲೆದೂಗುವಂಥ ಕುಶಲ ರಚನೆ ಇನ್ನೊಂದು. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ‘ಸದ್ಯಕ್ಕೊಂದು ಹ್ಯಾಕ್ ಮಾಡಿದ್ದೇನೆ’ ಎಂದರೆ ಮೊದಲನೆಯದು, ತೇಪೆ. ಇದನ್ನು ಕನ್ನವೆಂದರೆ ಅನರ್ಥ.

ಅಪರಾಧದ ಅರ್ಥ ಜನಸಾಮಾನ್ಯರಲ್ಲಿ ಗಟ್ಟಿಯಾದದ್ದು 1983ರ ಸುಮಾರಿಗೆ, ಅಮೆರಿಕದ ಮಿಲ್ವಾಕಿ ನಗರದ ‘414’ ಗುಂಪಿನ ಹುಡುಗರು ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯದ ಗಣಕಕ್ಕೂ ನುಗ್ಗಿ ಸುದ್ದಿಯಾದಾಗ. ಕುಶಲಿಗನೆಂಬ ಅರ್ಥದಲ್ಲಿ ತಮ್ಮನ್ನು ‘ಹ್ಯಾಕರ್’ ಎಂದುಕೊಂಡಿದ್ದ ಹಳಬರು ಇದನ್ನು ಒಪ್ಪಲಿಲ್ಲ. ನುಗ್ಗುವವನಿಗೆ ‘ಕ್ರ್ಯಾಕರ್’ ಎಂಬ ಬೇರೆ ಹೆಸರಿಟ್ಟರು. 1993ರ ಅಂತರಜಾಲ ಪದಕೋಶವೂ, ವ್ಯವಸ್ಥೆಯ ಒಳಗುಟ್ಟನ್ನು ಆಳವಾಗಿ ಅರಿಯುವುದರಲ್ಲಿ ಆನಂದ ಕಾಣುವವನೇ ಹ್ಯಾಕರ್ ಎಂದಿತು. ಪತ್ರಿಕೆಗಳು ಕಿವಿಗೊಡಲಿಲ್ಲ.

ನಮ್ಮ ಕಾನೂನಿನ ಕಥೆ ಇನ್ನೂ ಸ್ವಾರಸ್ಯಕರ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮಿನ ಶೀರ್ಷಿಕೆಯಲ್ಲೇ ‘ಹ್ಯಾಕಿಂಗ್’ ಇತ್ತು. ನಷ್ಟ ಮಾಡುವ ಉದ್ದೇಶದಿಂದ ಗಣಕದ ಮಾಹಿತಿಯನ್ನು ಅಳಿಸುವುದು, ತಿರುಚುವುದು ಅದರ ವ್ಯಾಪ್ತಿಯಲ್ಲಿದ್ದವು. ಅಂದರೆ ಒಳಗೇ ಇರುವ ನೌಕರ ಕಡತ ಅಳಿಸಿದರೂ ಹ್ಯಾಕಿಂಗ್; ಅಲ್ಲಿ ಕೊರೆಯಲು ಗೋಡೆಯೇ ಇಲ್ಲ! 2008ರ ತಿದ್ದುಪಡಿಯಲ್ಲಿ ಶೀರ್ಷಿಕೆ ‘ಕಂಪ್ಯೂಟರ್ ಸಂಬಂಧಿತ ಅಪರಾಧಗಳು’ ಎಂದಾಯಿತು.

ನನ್ನ ಮಟ್ಟಿಗೆ, ಅಕ್ರಮವಾಗಿ ನುಗ್ಗುವುದಕ್ಕೆ ‘ಕನ್ನ’, ಅವಸರದ ದುರಸ್ತಿಗೆ ‘ತೇಪೆ’ ಸಾಕು. ತಂತ್ರಾಂಶ ಕಟ್ಟುವವರು ಒಟ್ಟಾಗಿ ಕುಳಿತು ಪಟ್ಟಾಗಿ ಕೆಲಸ ಮಾಡುವ ಸ್ಪರ್ಧೆಯ ಹೆಸರು ‘ಹ್ಯಾಕಥಾನ್’ ಹಾಗೆಯೇ ಇರಲಿ. ತೊಡಕಿರುವುದು ಮೆಚ್ಚುಗೆಯ ಅರ್ಥದ ಹ್ಯಾಕರ್‌ಗೆ. ‘ನಿಪುಣ’ ತೀರಾ ಸಪ್ಪೆ, ‘ಚಾಣಾಕ್ಷ’ದಲ್ಲಿ ಕಪಟದ ವಾಸನೆಯಿದೆ. ಯಂತ್ರವನ್ನು ಬಿಚ್ಚಿ, ಅದರ ಗುಟ್ಟು ಹಿಡಿದು, ತಯಾರಿಸಿದವನೂ ಊಹಿಸದ ಕೆಲಸವನ್ನು ಅದರಿಂದ ಮಾಡಿಸುವವನಿಗೆ ನಿಮ್ಮ ಕಡೆಯ ಕಮ್ಮಾರರು, ಬಡಗಿಗಳು, ಮೋಟಾರು ರಿಪೇರಿಯವರು ಏನೆನ್ನುತ್ತಾರೆ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರ.