ಕೈತಪ್ಪಿಹೋದ ರ‍್ಯಾಪ್ ಆಲ್ಬಂಗಳು: ಎರಡನೇ ಸಲ ಕೇಳಲೇಬೇಕಾದವು ಯಾವುವು, ಹೇಗೆ ಕೇಳಬೇಕು?

ಪ್ರಶ್ನೆ: ಒಳಪ್ರಾಸ

ನ್ಯಾಸ್‌ನ ಇಲ್‌ಮ್ಯಾಟಿಕ್, ವು-ಟ್ಯಾಂಗ್‌ನ ಮೊದಲ ಆಲ್ಬಂ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಮಿಡ್‌ನೈಟ್ ಮರಾಡರ್ಸ್. ಯಾವ ಪಟ್ಟಿ ತೆಗೆದರೂ ಇವೇ ತಿರುಗಾಮುರುಗಾ ಬರುತ್ತವೆ. ಇವುಗಳ ನೆರಳಲ್ಲಿ ಉಳಿದುಹೋದ, ಆದರೆ ಅಷ್ಟೇ ಗಟ್ಟಿಯಾದ ಅಮೆರಿಕನ್ ರ‍್ಯಾಪ್ ಆಲ್ಬಂಗಳು ಬೇಕಿತ್ತು. 1993ರಿಂದ ಈಚೆಗೆ ಯಾವ ವರ್ಷದ್ದಾದರೂ ಸರಿ. ಬರೀ ಹೆಸರು ಬೇಡ. ಮೊದಲು ಯಾವ ಹಾಡು ಹಾಕಬೇಕು, ಕೇಳುವವರು ಎಲ್ಲಿ ಎಡವುತ್ತಾರೆ, ಯಾಕೆ ಅನ್ನೋದನ್ನೂ ಬರೆಯಿರಿ.

ಇನ್ನೊಂದು ವಿಷಯ. ಕ್ಯಾನಿಬಲ್ ಆಕ್ಸ್‌ನ ದ ಕೋಲ್ಡ್ ವೇನ್ ಫೋನಿನಲ್ಲಿ ಹಾಕಿದರೆ ಬರೀ ಗದ್ದಲ. ಕಾ ಎಂಬ ರ‍್ಯಾಪರ್ ಅವರ ಆಲ್ಬಂಗಳಲ್ಲಿ ಡ್ರಮ್ಸೇ ಇಲ್ಲದ ಹಾಗಿದೆ, ಎಲ್ಲಾ ಹಾಡೂ ಒಂದೇ ಥರ ಅನ್ನಿಸುತ್ತೆ. ಎರಡನ್ನೂ ತಿಳಿದವರು ಹೊಗಳುತ್ತಾರೆ. ಕೇಳುವ ರೀತಿಯಲ್ಲೇ ಏನಾದರೂ ತಪ್ಪಿದೆಯಾ?

ಉತ್ತರ 1: ತೊಂಬತ್ತರ ಟೇಪು

1993ರಿಂದಲೇ ಶುರು ಮಾಡಿ. ಆ ವರ್ಷ ನವೆಂಬರ್ 9ರಂದು ವು-ಟ್ಯಾಂಗ್ ಮತ್ತು ಮಿಡ್‌ನೈಟ್ ಮರಾಡರ್ಸ್ ಎರಡೂ ಒಂದೇ ದಿನ ಹೊರಬಂದವು. ಅದಕ್ಕೆ ಏಳು ವಾರ ಮೊದಲು, ಸೆಪ್ಟೆಂಬರಿನಲ್ಲಿ, ಡಿ ಲಾ ಸೋಲ್‌ನ ಬುಲೂನ್ ಮೈಂಡ್‌ಸ್ಟೇಟ್ ಬಂದಿತ್ತು. ಮೊದಲ ಆಲ್ಬಮ್ಮಿನ ತುಂಟತನ ಬಯಸಿದವರಿಗೆ ಇದು ಮಂಕಾಗಿ ಕಂಡಿತು, ಗಡಸು ಬಯಸಿದವರಿಗೆ ಮೆತ್ತಗೆ ಕಂಡಿತು. ಜೊತೆಗೆ ಅವರ ಹಳೆಯ ಆಲ್ಬಂಗಳೆಲ್ಲ ಸ್ಟ್ರೀಮಿಂಗ್‌ಗೆ ಬಂದದ್ದೇ 2023ರ ಮಾರ್ಚ್ 3ರಂದು. ಅಲ್ಲಿವರೆಗೆ ಒಂದು ತಲೆಮಾರಿಗೆ ಇದು ಸುಲಭವಾಗಿ ಸಿಗಲೇ ಇಲ್ಲ.

ಇದರಲ್ಲಿ ಎರಡು ಹಾಡುಗಳನ್ನು ಜೋಡಿಯಾಗಿ ಕೇಳಿ. ಮೊದಲು ಐ ಬಿ ಬ್ಲೋಯಿನ್. ಇದರಲ್ಲಿ ರ‍್ಯಾಪ್ ಇಲ್ಲ. ಜೇಮ್ಸ್ ಬ್ರೌನ್ ತಂಡದಲ್ಲಿದ್ದ ಮೇಸಿಯೊ ಪಾರ್ಕರ್ ಸ್ಯಾಕ್ಸೊಫೋನ್ ನುಡಿಸುತ್ತಾರೆ. ರ‍್ಯಾಪ್ ಆಲ್ಬಂ ನಡುವೆ ಇದೇನು ಅಂತ ಬಹಳ ಜನ ಮುಂದಕ್ಕೆ ಹಾರಿಸುತ್ತಾರೆ. ಎಡವೋದು ಇಲ್ಲೇ. ಮುಂದೆ ಐ ಆ್ಯಮ್ ಐ ಬಿ ಬಂದಾಗ ಅದೇ ಸಂಗೀತದ ಮೇಲೆ ತಂಡದ ಪಾಸ್‌ಡ್‌ನೂಸ್ ತನ್ನ ದುಡಿಮೆ, ತಾಯಿಯ ಸಾವು, ರೆಕಾರ್ಡ್ ಕಂಪನಿಯವರ ಜೇಬು ತುಂಬಿಸುವ ಪಾಡು ಎಲ್ಲವನ್ನೂ ದನಿ ಏರಿಸದೆ ಹೇಳುತ್ತಾನೆ. ಆ ರಾಗ ಕಿವಿಯಲ್ಲಿ ಮೊದಲೇ ಕೂತಿದ್ದರೆ ಮಾತಿನ ಭಾರ ಬೇರೆಯೇ ಆಗುತ್ತೆ. ರ‍್ಯಾಪಿನಲ್ಲಿ ಇಷ್ಟು ಪ್ರಾಮಾಣಿಕವಾದ ವರ್ಸ್‌ಗಳು ಕೈಬೆರಳಲ್ಲಿ ಎಣಿಸುವಷ್ಟೇ.

ಎರಡನೆಯದು ಆರ್ಗನೈಜ್ಡ್ ಕನ್‌ಫ್ಯೂಷನ್‌ನ ಸ್ಟ್ರೆಸ್: ದಿ ಎಕ್ಸ್‌ಟಿಂಕ್ಷನ್ ಅಜೆಂಡಾ, 1994ರ ಆಗಸ್ಟ್. ಏಪ್ರಿಲ್‌ನಲ್ಲಿ ಇಲ್‌ಮ್ಯಾಟಿಕ್, ಸೆಪ್ಟೆಂಬರ್‌ನಲ್ಲಿ ಬಿಗ್ಗಿಯ ರೆಡಿ ಟು ಡೈ; ನಡುವೆ ಸಿಕ್ಕಿಕೊಂಡಿತು. ಕ್ವೀನ್ಸ್‌ನ ಇಬ್ಬರು, ಫ್ಯಾರೋ ಮಾಂಚ್ ಮತ್ತು ಪ್ರಿನ್ಸ್ ಪೊ. ಅವರ ಲೇಬಲ್ ಹಾಲಿವುಡ್ ಬೇಸಿಕ್ ಡಿಸ್ನಿ ಒಡೆತನದ ಕಂಪನಿಯೊಂದರ ಸಣ್ಣ ಶಾಖೆ.

ಮೊದಲು ಸ್ಟ್ರೇ ಬುಲೆಟ್ ಹಾಕಿ. ಅದರಲ್ಲಿ ಮಾತಾಡೋದು ಗುಂಡು. ಕೊಂದವನೂ ಅಲ್ಲ, ಸತ್ತವನೂ ಅಲ್ಲ. ಟ್ರಿಗರ್ ಒತ್ತಿದ ಕ್ಷಣದಿಂದ ಗುಂಡು ಹೋದ ದಾರಿಯೆಲ್ಲ ಅದರ ಬಾಯಲ್ಲೇ ಕೇಳುತ್ತೇವೆ. ಆಮೇಲೆ ಬ್ರಿಂಗ್ ಇಟ್ ಆನ್ ಹಾಕಿ. ಮಾಂಚ್ ಅಲ್ಲಿ ಪದಗಳನ್ನು ತುಂಡರಿಸಿ, ತೊದಲಿದ ಹಾಗೆ ಉಚ್ಚರಿಸುತ್ತಾನೆ. ತಾಳ ತಪ್ಪಿದ ಅನ್ನಿಸುತ್ತೆ, ತಪ್ಪಿರುವುದಿಲ್ಲ. ಪರೀಕ್ಷೆ ಮಾಡೋದು ಹೀಗೆ: ಮಾತು ಬಿಟ್ಟುಬಿಡಿ, ಸ್ನೇರ್ (ಚಟ್ಟನೆ ಬೀಳುವ ಡ್ರಮ್) ಮಾತ್ರ ಹಿಡಿಯಿರಿ. ಅದು ಎರಡು ಮತ್ತು ನಾಲ್ಕನೇ ಏಟಿಗೆ ಬೀಳುತ್ತೆ. ತೊಡೆ ಮೇಲೆ ತಾಳ ಹಾಕುತ್ತ ಎಂಟು ಬಾರ್ (ನಾಲ್ಕು ಏಟಿಗೆ ಒಂದು ಬಾರ್) ಕಳೆಯಿರಿ, ಆಮೇಲೆ ಮಾತಿಗೆ ಬನ್ನಿ. ಅವನ ವಾಕ್ಯ ಒಂದು ಬಾರಿನ ನಡುವೆ ಶುರುವಾಗಿ ಮುಂದಿನ ಬಾರಿನ ನಡುವೆ ಮುಗಿಯುತ್ತೆ, ಪ್ರಾಸ ಮಾತ್ರ ಏಟಿಗೆ ಸರಿಯಾಗಿ ಸಿಗುತ್ತೆ. ಕರ್ನಾಟಕ ಸಂಗೀತದಲ್ಲಿ ಸಮ ಬಿಟ್ಟು ಎತ್ತುವ ಅನಾಗತ ಎಡುಪು ಕೇಳಿ ರೂಢಿ ಇದ್ದವರಿಗೆ ಇದು ಬೇಗ ಹಿಡಿಯುತ್ತೆ.

ಉತ್ತರ 2: ಸ್ನೇರ್ ಸ್ವಾಮಿ

ದ ಕೋಲ್ಡ್ ವೇನ್ ಬಗ್ಗೆ. ತಪ್ಪು ನಿಮ್ಮ ಕಿವಿಯದ್ದಲ್ಲ, ಫೋನ್ ಸ್ಪೀಕರಿನದ್ದು. 2001ರಲ್ಲಿ ನಿರ್ಮಾಪಕ ಎಲ್-ಪಿ ಮಾಡಿದ ಈ ಬೀಟ್‌ಗಳಲ್ಲಿ ಸಿಂಥ್‌ನ ಪದರಗಳು ಒಂದರ ಮೇಲೊಂದು, ಅದೂ ಮನುಷ್ಯನ ದನಿ ಇರುವ ಮಧ್ಯದ ಪಟ್ಟಿಯಲ್ಲೇ ಕೂತಿವೆ. ಫೋನ್ ಸ್ಪೀಕರ್ ಕೆಳಗಿನ ದನಿಗಳನ್ನು ಎತ್ತೋದೇ ಇಲ್ಲ. ಹಾಗಾಗಿ ಕಿಕ್ (ದಪ್ಪ ದನಿಯ ಡ್ರಮ್) ಮಾಯ, ಬೇಸ್ ಮಾಯ; ಉಳಿದ ಮಧ್ಯದಲ್ಲಿ ಸಿಂಥೂ ದನಿಯೂ ಕಿತ್ತಾಡುತ್ತವೆ. ನೀವು ಗದ್ದಲ ಅಂದದ್ದು ಅದನ್ನೇ.

ವೈರ್ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಈಕ್ವಲೈಜರ್ ಫ್ಲಾಟ್ ಇಡಿ. ಬೇಸ್ ಬೂಸ್ಟ್ ಹಾಕಿದರೆ ಕಿಕ್ ಊದಿಕೊಂಡು ರ‍್ಯಾಪರ್ ವ್ಯಾಸ್ಟ್ ಏರ್‌ನ ದನಿಯನ್ನೇ ನುಂಗುತ್ತೆ. ಒಂದು ಗಂಟೆ ಮೀರಿದ ಆಲ್ಬಂ ಇದು, ಒಂದೇ ಸಲಕ್ಕೆ ಪೂರ್ತಿ ಕೇಳಲು ಕೂರಬೇಡಿ. ಅರ್ಧಕ್ಕೆ ನಿಲ್ಲಿಸಿ ಮಾರನೇ ದಿನ ಮುಂದುವರಿಸಿ. ಆರಂಭದ ಐರನ್ ಗ್ಯಾಲಕ್ಸಿಯಲ್ಲಿ ತಂಡದ ಇಬ್ಬರು ರ‍್ಯಾಪರ್‌ಗಳನ್ನೂ ಬೇರೆ ಮಾಡಿ ಕೇಳಿ: ವ್ಯಾಸ್ಟ್ ಏರ್ ನಿಧಾನ, ಸಾಲುಗಳ ನಡುವೆ ಜಾಗ ಬಿಡುತ್ತಾನೆ, ವೊರ್ಡುಲ್ ಮೆಗಾ ಒತ್ತೊತ್ತಾಗಿ ಸುರಿಯುತ್ತಾನೆ. ನ್ಯೂಯಾರ್ಕಿನ ಪಾರಿವಾಳಗಳ ಚಿತ್ರ ಆಲ್ಬಂ ಉದ್ದಕ್ಕೂ ಹರಿದಿದೆ. ಕೊನೆಗೆ ಪಿಜನ್, ಅದರ ಹಿಂದೆಯೇ ಸ್ಕ್ರೀಮ್ ಫೀನಿಕ್ಸ್. ಕಸ ಹೆಕ್ಕುವ ಹಕ್ಕಿ ಬೂದಿಯಿಂದೇಳುವ ಹಕ್ಕಿಯಾಗೋದು ಅಲ್ಲಿ. ಅದನ್ನು ಬಿಟ್ಟರೆ ಆಲ್ಬಂ ಮುಗಿದ ಹಾಗೇ ಅಲ್ಲ.

ಇದೇ ಹೊತ್ತಿನ ಇನ್ನೊಂದು, ಕ್ವಾಸಿಮೋಟೊನ ದಿ ಅನ್‌ಸೀನ್, 2000. ಕ್ವಾಸಿಮೋಟೊ ಅನ್ನೋದು ನಿರ್ಮಾಪಕ ಮ್ಯಾಡ್‌ಲಿಬ್‌ನ ಇನ್ನೊಂದು ಹೆಸರು, ಅದರಲ್ಲಿನ ಕೀರಲು ದನಿ ಮ್ಯಾಡ್‌ಲಿಬ್‌ದೇ. ಟೇಪಿನ ವೇಗ ಇಳಿಸಿ, ಆ ನಿಧಾನಕ್ಕೆ ಸರಿಯಾಗಿ ರ‍್ಯಾಪ್ ಮಾಡಿ, ಮತ್ತೆ ಮಾಮೂಲಿ ವೇಗಕ್ಕೆ ತಂದಾಗ ಶ್ರುತಿ ಮೇಲೇರುತ್ತೆ, ತಾಳ ಮಾತ್ರ ಬೀಟಿಗೇ ಕೂರುತ್ತೆ. ದನಿ ಕಿರಿಕಿರಿ ಅನ್ನಿಸಿದರೆ ರಿಟರ್ನ್ ಆಫ್ ದ ಲೂಪ್ ಡಿಗ್ಗಾದಿಂದ ಶುರು ಮಾಡಿ.

ಉತ್ತರ 3: ಸ್ಕಿಟ್ ಬಿಡಬೇಡಿ

ಇಷ್ಟು ಹೊತ್ತಾದರೂ ಪ್ರಿನ್ಸ್ ಪಾಲ್‌ನ ಎ ಪ್ರಿನ್ಸ್ ಅಮಂಗ್ ಥೀವ್ಸ್ ಹೆಸರು ಯಾರೂ ಎತ್ತಿಲ್ಲವಲ್ಲ! 1999ರದ್ದು. ಡಿ ಲಾ ಸೋಲ್‌ನ ಮೊದಲ ಮೂರು ಆಲ್ಬಂಗಳ ನಿರ್ಮಾಪಕ ಇವರೇ, ಬುಲೂನ್ ಸೇರಿ. ರ‍್ಯಾಪ್ ಆಲ್ಬಮ್ಮಿಗೆ ಸ್ಕಿಟ್ (ಹಾಡುಗಳ ನಡುವಿನ ಸಣ್ಣ ನಾಟಕ) ತಂದವರು ಅಂತ ಹೆಸರು.

ಇದು ಹಾಡಿನ ಸಂಗ್ರಹ ಅಲ್ಲ, ಶುರುವಿಂದ ಕೊನೆವರೆಗೆ ಒಂದೇ ಕಥೆ. ತಾರೀಕ್ ಅನ್ನೋ ಹುಡುಗನಿಗೆ ವು-ಟ್ಯಾಂಗ್‌ನ ರಿಜ಼ಾ ಜೊತೆ ಭೇಟಿ ಗೊತ್ತಾಗಿದೆ, ಡೆಮೊ (ಮಾದರಿ ರೆಕಾರ್ಡಿಂಗ್) ಮುಗಿಸಲು 1000 ಡಾಲರ್ ಬೇಕು. ಗೆಳೆಯ ಟ್ರೂ ಅಡ್ಡದಾರಿಗೆ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಬಂದೂಕು ಮಾರುವವನಾಗಿ ಕೂಲ್ ಕೀತ್, ತಲೆಹಿಡುಕನಾಗಿ ಬಿಗ್ ಡ್ಯಾಡಿ ಕೇನ್, ಪೊಲೀಸನಾಗಿ ಎವರ್‌ಲಾಸ್ಟ್ ಸಿಗುತ್ತಾರೆ. ಡಿ ಲಾ ಸೋಲ್‌ನವರ ಮೋರ್ ದ್ಯಾನ್ ಯು ನೋ ಪ್ರೇಮಗೀತೆಯ ಹಾಗೇ ಸಾಗುತ್ತೆ. ಗಮನವಿಟ್ಟರೆ ಪ್ರೇಯಸಿ ಹೆಣ್ಣಲ್ಲ, ಕ್ರ್ಯಾಕ್ ಅನ್ನೋ ಮಾದಕ ವಸ್ತು.

ಕೇಳುವ ಮೊದಲು ಆ್ಯಪಿನಲ್ಲಿ ಮೂರು ಕೆಲಸ (ಕ್ರಾಸ್‌ಫೇಡ್ ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿನೊಂದಿಗೆ ಬೆರೆಸುತ್ತೆ, ಗ್ಯಾಪ್‌ಲೆಸ್ ಹಾಡುಗಳ ನಡುವಿನ ಮೌನ ತೆಗೆಯುತ್ತೆ): ಶಫಲ್ ಆಫ್, ಕ್ರಾಸ್‌ಫೇಡ್ ಸೊನ್ನೆ, ಗ್ಯಾಪ್‌ಲೆಸ್ ಆನ್. ಒಟ್ಟು 35 ಟ್ರ್ಯಾಕ್, ಅದರಲ್ಲಿ ಎಷ್ಟೋ ಬರೀ ಸಂಭಾಷಣೆ. ಕ್ರಾಸ್‌ಫೇಡ್ ಕೆಲವು ಸೆಕೆಂಡ್ ಇದ್ದರೂ ಸಣ್ಣ ಸ್ಕಿಟ್‌ಗಳ ಕೊನೆಯ ಮಾತು ಮುಂದಿನ ಹಾಡಿನಡಿ ಮುಚ್ಚಿಹೋಗುತ್ತೆ, ಕಥೆಯ ತಿರುವು ಅಲ್ಲೇ ಇರುತ್ತೆ. ಪ್ಲೇಲಿಸ್ಟಿಗೆ ಬಿಡಿಬಿಡಿಯಾಗಿ ಸೇರಿಸಿ ಕೇಳಿದವರೇ ಇದನ್ನು ಸಾಧಾರಣ ಅಂದದ್ದು.

ತಾರೀಕ್ ಪಾತ್ರ ಮಾಡಿದ ಬ್ರೀಜ್ಲಿ ಬ್ರೂಯಿನ್ ಇಷ್ಟವಾದರೆ ಅವನ ಗುಂಪು ಜಗ್ಗನಾಟ್ಸ್‌ನ ಕ್ಲಿಯರ್ ಬ್ಲೂ ಸ್ಕೈಸ್ ಹುಡುಕಿ, 1996. ಶೀರ್ಷಿಕೆ ಹಾಡಿನಲ್ಲಿ ಬಿಳಿಯ ಅಪ್ಪ, ಮಗ ಜಗಳವಾಡುತ್ತಾರೆ. ಮಗ ಮೆಚ್ಚಿದ ಹುಡುಗಿ ಕಪ್ಪು. ಅಪ್ಪನ ಸಾಲು ಯಾವುದು, ಮಗನದ್ದು ಯಾವುದು ಅಂತ ದನಿಯಿಂದಲೇ ಗುರುತಿಸಬೇಕು. ತಪ್ಪಿಹೋದರೆ ಹಿಂದಕ್ಕೆ ಹೋಗಿ.

ಪ್ರಶ್ನೆ ಕೇಳಿದವರು: ಒಳಪ್ರಾಸ

ಎಲ್ಲರಿಗೂ ಧನ್ಯವಾದ. ಸ್ಲ್ಯಾಂಗ್ ಅರ್ಥವಾಗದಿದ್ದಾಗ ಸಾಹಿತ್ಯ ಓದಿಕೊಂಡು ಕೇಳಬೇಕಾ, ಕೇಳಿ ಆಮೇಲೆ ಓದಬೇಕಾ? ಕಾ ಬಗ್ಗೆ ಯಾರಾದರೂ ಹೇಳಿ.

ಉತ್ತರ 4: ಬ್ರೌನ್ಸ್‌ವಿಲ್

ಓದುವ ಕ್ರಮ ಆಲ್ಬಂ ನೋಡಿ ಬದಲಾಗಬೇಕು. ಫ್ರೀಸ್ಟೈಲ್ ಫೆಲೋಶಿಪ್‌ನ ಇನ್ನರ್‌ಸಿಟಿ ಗ್ರಿಯಾಟ್ಸ್ ಥರದ್ದಕ್ಕೆ ಮೊದಲು ಕಿವಿ, ಆಮೇಲೆ ಓದು. 1993ರಲ್ಲಿ ಲಾಸ್ ಏಂಜಲೀಸ್ ಅಂದರೆ ಡಾ. ಡ್ರೇ ಅನ್ನುವ ಕಾಲ. ಈ ನಾಲ್ವರು ಬಂದದ್ದು ಗುಡ್ ಲೈಫ್ ಕೆಫೆಯ ಓಪನ್ ಮೈಕ್‌ನಿಂದ. ಅಲ್ಲಿ ಬೈಗುಳ ನಿಷಿದ್ಧ, ಸಪ್ಪೆಯಾಗಿ ಹಾಡಿದರೆ ಮೈಕ್ ಮುಂದಕ್ಕೆ ಕೊಡಪ್ಪ ಅಂತ ಜನ ಕೂಗುತ್ತಿದ್ದರು. ಆ ನಾಲ್ವರಲ್ಲಿ ಮೈಕಾ 9 ದನಿಯನ್ನು ಜ್ಯಾಜ್ ವಾದ್ಯದ ಹಾಗೇ ಓಡಿಸುತ್ತಾನೆ. ಇನ್ನರ್ ಸಿಟಿ ಬೌಂಡರೀಸ್ ಹಾಕಿ, ಪದ ಹಿಡಿಯೋ ಆತುರ ಬೇಡ.

ಕಾ ಅವರದ್ದು ಇದರ ತಿರುಗುಮುರುಗು. ಮೊದಲು ಓದಿ. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನವರು, ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿದ್ದರು, 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಲ್ಬಂಗಳನ್ನು ಸ್ವಂತ ಖರ್ಚಲ್ಲಿ ಮಾಡಿ, ತಾವೇ ಮಾರುತ್ತಿದ್ದರು. ಡ್ರಮ್ಸ್ ಕಡಿಮೆ ಇರೋದು ಬೇಕೆಂದೇ. ಸ್ನೇರ್ ಇಲ್ಲದಿದ್ದಾಗ ತಾಳ ಹಿಡಿದುಕೊಡೋದು ಪ್ರಾಸವೇ. ಹಿನ್ನೆಲೆಗೆ ಹಾಕಿಕೊಂಡು ಬೇರೆ ಕೆಲಸ ಮಾಡಿದರೆ ಕಿವಿಗೆ ಹಿಡಿಯಲು ಏನೂ ಸಿಗಲ್ಲ, ಎಲ್ಲ ಒಂದೇ ಥರ ಅನ್ನಿಸೋದು ಅದಕ್ಕೇ.

2016ರ ಆನರ್ ಕಿಲ್ಡ್ ದ ಸಮುರಾಯ್‌ನಿಂದ ಶುರು ಮಾಡಿ. ಸುಮಾರು ಅರ್ಧ ಗಂಟೆ ಅಷ್ಟೇ. ಕಾನ್‌ಫ್ಲಿಕ್ಟೆಡ್ ಹಾಡಿನ ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಒಂದೇ ಸ್ವರಾಕ್ಷರದ ಪ್ರಾಸಗಳಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ಸಾಲಿನಲ್ಲಿ ಮೂರು, ನಾಲ್ಕು ಸಿಗುತ್ತವೆ, ಸಾಲಿನ ಕೊನೆಯಲ್ಲಿ ಮಾತ್ರ ಅಲ್ಲ. ಆಮೇಲೆ ಕಾಗದ ಬದಿಗಿಟ್ಟು ಕೇಳಿ. ದನಿ ಪಿಸುಮಾತಿನ ಮಟ್ಟದಲ್ಲಿರುತ್ತೆ. ಅಬ್ಬರದ ಆಲ್ಬಂ ಕೇಳಿದ ಕೂಡಲೇ ಇದಕ್ಕೆ ಬಂದರೆ ಸೋತ ಹಾಗೆ ಕೇಳುತ್ತೆ. ಹಾಗಾಗಿ ದಿನದ ಮೊದಲ ಸಂಗೀತವಾಗಿ ಇದನ್ನೇ ಹಾಕಿ, ಫ್ಯಾನ್ ಆಫ್ ಮಾಡಿ. ಇದು ಹಿಡಿಸಿದರೆ ಮುಂದಿನದ್ದು 2013ರ ದ ನೈಟ್ಸ್ ಗ್ಯಾಂಬಿಟ್. ಚದುರಂಗದ ಕುದುರೆ ನಡೆ ಗೊತ್ತಿದ್ದರೆ ಅದರ ಎಷ್ಟೋ ದ್ವಂದ್ವಾರ್ಥಗಳು ಬೇಗ ಬಿಚ್ಚಿಕೊಳ್ಳುತ್ತವೆ.

ಉತ್ತರ 5: ತೊಂಬತ್ತರ ಟೇಪು

ಬ್ರೌನ್ಸ್‌ವಿಲ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾ ಕೇಳುವಾಗ ಆ್ಯಪ್‌ನ ವಾಲ್ಯೂಮ್ ನಾರ್ಮಲೈಜೇಶನ್ (ದನಿಮಟ್ಟ ಸಮ ಮಾಡುವ ಸೆಟ್ಟಿಂಗ್) ಆಲ್ಬಂ ಮಟ್ಟದಲ್ಲಿರಲಿ, ಹಾಡಿನ ಮಟ್ಟದಲ್ಲಿ ಬೇಡ. ಹಾಡಿನ ಮಟ್ಟದಲ್ಲಿಟ್ಟರೆ ಮೆತ್ತಗಿರಬೇಕಾದ ಹಾಡನ್ನೂ ಎತ್ತಿ ಎಲ್ಲವನ್ನೂ ಸಮ ಮಾಡಿಬಿಡುತ್ತೆ. ಆ್ಯಪಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ನಾರ್ಮಲೈಜೇಶನ್ ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಕೈಯಲ್ಲೇ ಹೊಂದಿಸಿಕೊಳ್ಳಿ.